ಅವನ ಬಾಯಲ್ಲಿ ಎಲ್ಲರ ‘ನಾನು’

“ನಾನು ನಲವತ್ತು ವರ್ಷದಿಂದ ಈ ಬ್ಯಾಂಕಿಗೆ ಬರ್ತಾ ಇದ್ದೇನೆ. ನೀವು ಹುಟ್ಟುವ ಮೊದಲೇ ನನಗೆ ಇಲ್ಲಿ ಖಾತೆ ಉಂಟು. ನಿಮಗೆ ಬುದ್ಧಿ ಉಂಟಾ?”

ವಿಜೇತಾ ಕಂಪ್ಯೂಟರಿನಿಂದ ತಲೆ ಎತ್ತಿದಳು.

ಎದುರಿಗೆ ನಿಂತವನಿಗೆ ಹೆಚ್ಚೆಂದರೆ ಮೂವತ್ತು ವರ್ಷ. ಬಿಳಿ ಶರ್ಟು, ಕಪ್ಪು ಪ್ಯಾಂಟು, ಎಣ್ಣೆ ಹಚ್ಚಿ ಬಾಚಿದ ತಲೆ. ಮುಖದಲ್ಲಿ ಕೋಪದ ಸುಳಿವೇ ಇಲ್ಲ. ಇಂಥ ಮಾತನ್ನು ಇಷ್ಟು ತಣ್ಣಗೆ ಆಡುವ ಮನುಷ್ಯನನ್ನು ಅವಳು ಮೈಸೂರಿನಲ್ಲಿ ಕಂಡಿರಲಿಲ್ಲ.

ಅವನ ಪಕ್ಕದಲ್ಲಿ ಬಿಳಿ ಮುಂಡು ಉಟ್ಟ ಹಿರಿಯರೊಬ್ಬರು ಮಲಯಾಳದಲ್ಲಿ ಜೋರು ಮಾಡುತ್ತಿದ್ದರು. ಆದರೆ ಕೊಚ್ಚಿಯ ಮಟ್ಟಾಂಚೇರಿಯ ಆ ಶಾಖೆಗೆ ವರ್ಗವಾಗಿ ಬಂದು ಇನ್ನೂ ಮೂರು ವಾರ ತುಂಬದ ವಿಜೇತಾಳಿಗೆ ಮಲಯಾಳವೆಲ್ಲ ಒಂದೇ ಗದ್ದಲ. ಕಿವಿಗೆ ಬಿದ್ದದ್ದು ಕನ್ನಡ ಮಾತ್ರ. ಅದೂ ಬೈಗುಳ.

“ಏನಂದ್ರಿ?”

“ನನ್ನ ಮೊಮ್ಮಗಳ ಪ್ರಾಯ ನಿಮ್ಮದು. ನನಗೆ ಕಾನೂನು ಕಲಿಸಲಿಕ್ಕೆ ಬರಬೇಡಿ.”

ಮೊಮ್ಮಗಳಾ? ಇವನಿಗೆ?

ವಿಜೇತಾ ಎದ್ದೇ ನಿಂತಳು. “ರೀ, ಮನೇಲಿ ಕನ್ನಡಿ ಇದೆಯಾ? ಮೊದ್ಲು ಹೋಗಿ ಮುಖ ನೋಡ್ಕೊಳ್ಳಿ. ಬುದ್ಧಿ ಇಲ್ದಿರೋದು ನಿಮಗೆ.”

ಅವನು ಗಂಭೀರವಾಗಿ ತಲೆಯಾಡಿಸಿದ. ಪಕ್ಕದ ಹಿರಿಯರ ಕಡೆ ತಿರುಗಿ ಮಲಯಾಳದಲ್ಲಿ ಏನೋ ಹೇಳಿದ. ಆ ಹಿರಿಯರು ಎದೆ ಹಿಡಿದುಕೊಂಡು ಹಿಂದಿದ್ದ ಕುರ್ಚಿಗೆ ಕುಸಿದರು.

ಮ್ಯಾನೇಜರು ಓಡಿ ಬಂದು, ನಿಂಬೆಹಣ್ಣಿನ ಸೋಡಾ ತರಿಸಿ, ಎಲ್ಲರನ್ನೂ ಕೂರಿಸಿದ ಮೇಲೆ ಸಂಗತಿ ಹೊರಬಿತ್ತು. ಹಿರಿಯರು ಕರಿಮೆಣಸಿನ ದೊಡ್ಡ ವ್ಯಾಪಾರಿ. ಊರೆಲ್ಲ ಅವರನ್ನು ವಾಸು ಮುದಲಾಳಿ, ಅಂದರೆ ವಾಸು ಯಜಮಾನರು, ಎಂದೇ ಕರೆಯುತ್ತದೆ. ಅವರ ಸಾಲದ ಕಾಗದದಲ್ಲಿ ಒಂದು ಸಹಿ ಕಡಿಮೆ ಇತ್ತು. ವಿಜೇತಾ ವಾಪಸು ಮಾಡಿದ್ದಳು. ತಣ್ಣನೆಯ ಹುಡುಗ ರಂಜನ್, ಅವರ ವಕೀಲರ ಜೂನಿಯರ್, ಕಾಸರಗೋಡಿನವನು. ವಿಜೇತಾ ಫೋನಿನಲ್ಲಿ ಅಮ್ಮನ ಜೊತೆ ಕನ್ನಡ ಮಾತಾಡಿದ್ದನ್ನು ಕೇಳಿ, ಪಾಪ, ಸಹಾಯಕ್ಕೆ ಬಂದವನು. ಮುದಲಾಳಿಯ ಮಾತನ್ನು ಅವಳಿಗೆ ಕನ್ನಡದಲ್ಲಿ ದಾಟಿಸುತ್ತಿದ್ದ, ಅಷ್ಟೆ.

“ಹಾಗಾದ್ರೆ ‘ಅವರು ಹೀಗಂತಾರೆ’ ಅಂತ ಹೇಳೋಕೆ ಏನ್ರೀ ಕಷ್ಟ ನಿಮಗೆ?”

ಅದು ನಿಯಮ ಅಲ್ಲ ಎಂದ ರಂಜನ್. ಎರ್ನಾಕುಳಂನಲ್ಲಿರುವ ಅವನ ಸೀನಿಯರ್ ಕಚೇರಿಗೆ ಕಾಸರಗೋಡಿನಿಂದ ಕನ್ನಡದ ಕಕ್ಷಿದಾರರು ಬರುತ್ತಾರೆ. ಅವರ ಮಾತನ್ನು ಮಲಯಾಳಕ್ಕೆ, ಸೀನಿಯರ್ ಮಾತನ್ನು ಕನ್ನಡಕ್ಕೆ ತಿರುಗಿಸುವುದೇ ಇವನ ಅರ್ಧ ಕೆಲಸ. ಕಕ್ಷಿದಾರ ‘ನಾನು’ ಅಂದರೆ ನೀನೂ ‘ನಾನು’ ಅನ್ನಬೇಕು. ಒಂದು ಶಬ್ದ ಸೇರಿಸಬಾರದು, ಒಂದು ಶಬ್ದ ಬಿಡಬಾರದು ಎಂದು ಮೊದಲ ದಿನವೇ ಕಲಿಸಿದ್ದರಂತೆ.

“ಅಂದ್ರೆ, ನಾನು ಹೇಳಿದ್ದನ್ನೂ ಅವರಿಗೆ...”

“ಅಕ್ಷರ ಬಿಡದೆ ಹೇಳಿದೆ. ಕನ್ನಡಿಯದ್ದೂ.”

ವಿಜೇತಾ ಮುದಲಾಳಿಯ ಕಡೆ ನೋಡಿ ಕೈ ಮುಗಿದಳು. ಮನಸ್ಸಿನಲ್ಲಿ ಮಾತ್ರ ರಂಜನನಿಗೆ ಸಹಸ್ರನಾಮ ನಡೆದಿತ್ತು.

ಮಾತಿನ ಚಟ ಇಲ್ಲದವರು ಈ ಲೋಕದಲ್ಲಿ ಯಾರಿದ್ದಾರೆ, ಹೇಳಿ. ಕೆಲವರಿಗೆ ಬಾಯಿ ತೆರೆದರೆ ‘ಆಕ್ಚುಲಿ’. ಕೆಲವರಿಗೆ ‘ಬೇಸಿಕಲಿ’. ವಿಜೇತಾಳ ಮ್ಯಾನೇಜರಿಗೆ ‘ಟು ಬಿ ಫ್ರ್ಯಾಂಕ್’, ಅದರ ಹಿಂದೆ ಬರುವುದು ಯಾವತ್ತೂ ಸುಳ್ಳೇ. ಅವಳ ಅಮ್ಮ ವಾರಿಜಾ ಮಾತು ಮಾತಿಗೂ ‘ಗೊತ್ತಾಯ್ತಾ’ ಅನ್ನುವರು. ಹಾಲು ಉಕ್ಕಿತು, ಗೊತ್ತಾಯ್ತಾ? ಅದರಲ್ಲಿ ಗೊತ್ತಾಗದೆ ಇರಲು ಏನಿದೆ? ಇಂಥವರ ನಡುವೆ ಹಲ್ಲು ಕಚ್ಚಿಕೊಂಡು ಬೆಳೆದ ಹುಡುಗಿ ವಿಜೇತಾ. ಯಾರ ಬಾಯಿಯ ಯಾವ ಮಾತಾದರೂ ಅವಳಿಗೆ ಮೈಯೆಲ್ಲ ಉರಿ.

ತಾನು ದಿನಕ್ಕೆ ನೂರು ಸಲ ‘ಒಂಥರಾ’ ಅನ್ನುವುದು ಮಾತ್ರ ಅವಳಿಗೆ ಗೊತ್ತೇ ಇರಲಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುವ ಜಾತಿ ನಮ್ಮದು, ಅವಳೇನು ಹೊರತಲ್ಲ.

ಅದನ್ನು ಅವಳಿಗೆ ತೋರಿಸಿಕೊಟ್ಟವನೂ ರಂಜನ್. ಮುದಲಾಳಿಯ ಕಾಗದಪತ್ರದ ನೆವದಲ್ಲಿ ಅವನು ಬ್ಯಾಂಕಿಗೆ ಬರುತ್ತಲೇ ಇದ್ದ. ಸಂಜೆ ನೀರು ದಾಟಿ ಎರ್ನಾಕುಳಂನ ಮನೆ ಸೇರಲು ಇಬ್ಬರಿಗೂ ಒಂದೇ ಬೋಟು. ಮೊದಮೊದಲು ದೂರ ದೂರ ಕೂರುತ್ತಿದ್ದರು. ಆಮೇಲೆ ಜಗಳಕ್ಕೆ ಅನುಕೂಲವಾಗಲಿ ಎಂದು ಹತ್ತಿರ ಕೂತರು.

“ಊಟ ಒಂಥರಾ, ಸೆಕೆ ಒಂಥರಾ, ಮ್ಯಾನೇಜರ್ ಒಂಥರಾ. ಯಾವ ಥರ ಅಂತ ಒಮ್ಮೆ ಹೇಳಿ ಮಾರಾಯ್ರೆ. ಇದನ್ನು ಮಲಯಾಳಕ್ಕೆ ಹೇಗೆ ತರುವುದು ಅಂತ ನನಗೆ ನಿದ್ದೆ ಬರುವುದಿಲ್ಲ.”

“ನಿಮ್ಮ ಹತ್ರ ಮಾತಾಡೋದೇ ಒಂಥರಾ...” ಎಂದು ಶುರು ಮಾಡಿ ವಿಜೇತಾ ನಾಲಿಗೆ ಕಚ್ಚಿಕೊಂಡಳು. ಅವನು ಸಮುದ್ರದ ಕಡೆ ಮುಖ ತಿರುಗಿಸಿದ. ನಗುತ್ತಿದ್ದ, ಕಳ್ಳ.

ಆದರೂ ಅವನಿಲ್ಲದೆ ಅವಳಿಗೆ ಆ ಊರಿನಲ್ಲಿ ಒಂದು ಕಟ್ಟು ಸೊಪ್ಪು ಕೊಳ್ಳಲೂ ಆಗುತ್ತಿರಲಿಲ್ಲ. ತರಕಾರಿ ಅಂಗಡಿಯಲ್ಲಿ ಅವನು ಗಂಭೀರವಾಗಿ, “ನಾನು ಹಾಳು ತೊಂಡೆಕಾಯಿ ಮಾರುವ ಹೆಂಗಸಲ್ಲ” ಅನ್ನುತ್ತಿದ್ದ. ಆಟೋದವನ ಪರವಾಗಿ, “ನನ್ನ ಹೆಂಡತಿ ಹೆರಿಗೆಗೆ ಹೋಗಿದ್ದಾಳೆ, ಅಷ್ಟು ದೂರ ಬರಲಿಕ್ಕೆ ಆಗುವುದಿಲ್ಲ” ಅನ್ನುತ್ತಿದ್ದ. ಒಂದು ಕ್ಷಣ ವಿಜೇತಾಳ ಎದೆ ಧಸಕ್ ಅನ್ನುತ್ತಿತ್ತು. ಆಮೇಲೆ ನೆನಪಾಗಿ ಅವನನ್ನು ಹಿಡಿದು ಬಡಿಯೋಣ ಅನ್ನಿಸುತ್ತಿತ್ತು.

ಒಂದು ಸಂಜೆ ಬೋಟಿನಲ್ಲಿ ಮುದುಕಿಯೊಬ್ಬಳು ವಿಜೇತಾಳ ಪಕ್ಕ ಕೂತು ತನ್ನ ಗೋಳು ತೆಗೆದಳು. ರಂಜನ್ ಹೇಳುತ್ತಾ ಹೋದ. ನನ್ನ ಗಂಡ ತೀರಿಹೋದ. ನನ್ನ ಮಗ ಫೋನ್ ಮಾಡುವುದಿಲ್ಲ. ಹಬ್ಬದ ದಿನ ನಾನೊಬ್ಬಳೇ ಗಂಜಿ ಕುಡಿದೆ. ಹೇಳುತ್ತಾ ಹೇಳುತ್ತಾ ಅವನ ಧ್ವನಿ ಒಡೆಯಿತು. ಕಣ್ಣಲ್ಲಿ ನೀರು. ಮುದುಕಿಯೇ ಅವನ ಬೆನ್ನು ಸವರಿದಳು.

ವಿಜೇತಾ ಅವನನ್ನೇ ನೋಡುತ್ತಾ ಕೂತಳು. ಆ ‘ನಾನು’ ಬರೀ ನಿಯಮ ಅಲ್ಲ... ಎದುರಿನವರ ನೋವು ಇವನ ಮೈಮೇಲೇ ಬರುತ್ತದೆ.

ಅಷ್ಟೆ. ಹುಡುಗಿ ಅಂದೇ ಸೋತಳು.

ಆದರೆ ಸೋತು ಏನು ಪ್ರಯೋಜನ? ಊರವರ ‘ನಾನು’ ಎಲ್ಲ ಆ ಬಾಯಲ್ಲಿ ಸಲೀಸಾಗಿ ಹೊರಳುತ್ತಿತ್ತು, ಅವನದ್ದೊಂದು ಬಿಟ್ಟು. ನಿಮ್ಮದು ಅಂತ ಒಂದು ಮಾತು ಹೇಳ್ರೀ ಎಂದು ಅವಳು ಒಂದು ದಿನ ಕೇಳಿಯೂ ಬಿಟ್ಟಳು. ಅವನು ಬೋಟು ದಡ ಮುಟ್ಟುವವರೆಗೂ ಯೋಚಿಸಿದ. ಇಳಿಯುವಾಗ, “ಇವತ್ತು ಸೆಕೆ ಜಾಸ್ತಿ ಉಂಟು” ಎಂದ.

ಅತ್ತ ಮೈಸೂರಿನಿಂದ ಅಮ್ಮ ದಿನಕ್ಕೊಬ್ಬ ಹುಡುಗನ ಫೋಟೋ ಕಳಿಸುತ್ತಿದ್ದರು. ದೀಪಾವಳಿಯೊಳಗೆ ಯಾರಿಗಾದರೂ ಹೂಂ ಅನ್ನು, ಗೊತ್ತಾಯ್ತಾ? ವಿಜೇತಾಳಿಗೆ ಗೊತ್ತಾಗಿತ್ತು. ರಂಜನ್ ಬಾಯಿ ಬಿಟ್ಟು ಒಂದೇ ಒಂದು ಮಾತು ಆಡಿದರೆ ಅಷ್ಟೂ ಫೋಟೋ ಅಳಿಸಿಹಾಕಲು ಅವಳು ಸಿದ್ಧಳಿದ್ದಳು. ಆಡದಿದ್ದರೆ?

ಆಗ ಬಂತು ಆ ಫೋನು.

“ನನಗೆ ನಿಮ್ಮ ಹತ್ತಿರ ಒಂದು ವಿಷಯ ಮಾತಾಡಲಿಕ್ಕುಂಟು. ಮನಸ್ಸಿನ ವಿಷಯ. ಭಾನುವಾರ ಸಂಜೆ ಫೋರ್ಟ್ ಕೊಚ್ಚಿಗೆ ಬರ್ತೀರಾ?”

ರಂಜನನ ಧ್ವನಿ ನಡುಗುತ್ತಿತ್ತು. ಕೊನೆಗೂ... ಕೊನೆಗೂ ಬಾಯಿ ಬಂತು ಮಹಾರಾಯನಿಗೆ. ಅವಳು ಪೆಟ್ಟಿಗೆಯ ತಳದಲ್ಲಿದ್ದ ಗಿಳಿಹಸಿರು ಸೀರೆ ತೆಗೆದು ಇಸ್ತ್ರಿ ಮಾಡಿದಳು.

ಸಮುದ್ರದ ಪಕ್ಕದ ಹೋಟೆಲಿನ ಜಗಲಿಯಲ್ಲಿ ರಂಜನ್ ಕೂತಿದ್ದ. ಅವನ ಪಕ್ಕದಲ್ಲಿ ಆದರ್ಶ್, ವಾಸು ಮುದಲಾಳಿಯ ಮಗ. ಬ್ಯಾಂಕಿಗೆ ಆಗಾಗ ಬಂದು, ಅಗತ್ಯಕ್ಕಿಂತ ಹೆಚ್ಚು ನಕ್ಕು, ಇಂಗ್ಲಿಷಿನಲ್ಲಿ ಮಾತಾಡಿ ಹೋಗುವ ಒಳ್ಳೆಯ ಹುಡುಗ. ಧೈರ್ಯಕ್ಕೆ ಗೆಳೆಯನನ್ನು ಕರೆದುಕೊಂಡು ಬಂದಿದ್ದಾನೆ, ಪಾಪ ಅಂದುಕೊಂಡಳು ವಿಜೇತಾ.

ಆದರ್ಶ್ ಗಂಟಲು ಸರಿ ಮಾಡಿಕೊಂಡು, ಮೇಜನ್ನೇ ನೋಡುತ್ತಾ, ಮಲಯಾಳದಲ್ಲಿ ಚುಟುಕಾಗಿ ಏನೋ ಹೇಳಿದ. ಗೆಳೆಯನಿಗೆ ಹುರಿದುಂಬಿಸುತ್ತಿದ್ದಾನೆ! ಅವಳಿಗೆ ನಗು ಬಂತು. ರಂಜನ್ ಒಂದು ಲೋಟ ನೀರು ಪೂರ್ತಿ ಕುಡಿದು ಅವಳ ಮುಖ ನೋಡಿದ.

“ನನಗೆ ನಿಮ್ಮನ್ನು ಇಷ್ಟ ಉಂಟು.”

ಇಲ್ಲಿ ಅವನು ನಿಂತ. ಮತ್ತೆ ಶುರು ಮಾಡಿದಾಗ ಧ್ವನಿಯೇ ಬೇರೆ.

“ಬೋಟಿನಲ್ಲಿ ನೀವು ನಿದ್ದೆ ಹೋಗ್ತೀರಿ. ಇಳಿಯುವ ಜಾಗ ಬಂದ್ರೂ ನನಗೆ ಎಬ್ಬಿಸಲಿಕ್ಕೆ ಮನಸ್ಸಾಗುವುದಿಲ್ಲ. ನಿಮ್ಮ ‘ಒಂಥರಾ’ ಕೇಳಿದ್ರೆ ಸಿಟ್ಟು ಬರ್ತದೆ, ಕೇಳದ ದಿನ ಊಟ ಸೇರುವುದಿಲ್ಲ. ನೀವು ನಗುವಾಗ ಯಾರು ನೋಡ್ತಾರೆ ಅಂತ ಲೆಕ್ಕ ಹಾಕದೆ ನಗ್ತೀರಿ. ನನಗೆ ಹಾಗೆ ಬರುವುದಿಲ್ಲ. ನಿಮ್ಮ ಜೊತೆ ಇದ್ರೆ ಕಲೀಬಹುದೋ ಏನೋ ಅಂತ ಆಸೆ.” ಅವನು ಉಸಿರು ತೆಗೆದುಕೊಂಡ. “ನನ್ನನ್ನು ಮದುವೆ ಆಗ್ತೀರಾ?”

ಇಷ್ಟು ದಿನ ಅವನ ‘ನಾನು’ವಿಗೆ ಬಯ್ದವಳಿಗೆ, ಆ ಹೊತ್ತಿಗೆ ಮಾತ್ರ, ಅದು ಯಾರ ‘ನಾನು’ ಎಂದು ಕೇಳಬೇಕೆಂಬ ನೆನಪೇ ಬರಲಿಲ್ಲ. ಪ್ರೀತಿಗೆ ಬಿದ್ದವರಿಗೆ ಬುದ್ಧಿ ಎಲ್ಲಿರುತ್ತೆ?

“ಹೂಂ,” ಎಂದಳು. ಕಣ್ಣು ತುಂಬಿ ಬಂತು. “ಹೂಂ.”

ರಂಜನನ ಮುಖ ಬಿಳುಚಿಕೊಂಡಿತು. ಅವನು ನಿಧಾನವಾಗಿ ಆದರ್ಶನ ಕಡೆ ತಿರುಗಿ ಒಂದೇ ಪದ ಹೇಳಿದ.

“ಸಮ್ಮದಂ.”

ಒಪ್ಪಿಗೆ. ಬ್ಯಾಂಕಿನಲ್ಲಿ ದಿನವೂ ಕೇಳುವ ಪದ, ವಿಜೇತಾಳಿಗೆ ಅಷ್ಟು ಮಲಯಾಳ ಗೊತ್ತಿತ್ತು. ಆದರ್ಶ್ ಜಿಗಿದೆದ್ದು ರಂಜನನ ಕೈ ಕುಲುಕಿ, ಅವಳ ಕೈ ಕುಲುಕಿ, ಫೋನ್ ತೆಗೆದು ಅಪ್ಪನಿಗೆ ಹೇಳಿಯೂ ಆಯಿತು. ಆಮೇಲೆ ಇಂಗ್ಲಿಷಿನಲ್ಲಿ ವಿವರಿಸಿದ. ಇಂಥ ಮಾತು ಹುಡುಗಿಯ ತಾಯಿಭಾಷೆಯಲ್ಲೇ ಆಗಬೇಕು ಎಂದು ಅವನ ಆಸೆಯಂತೆ. ಇಂಗ್ಲಿಷಿನಲ್ಲಿ ಕೇಳಿದರೆ ಸಾಲ ಕೇಳಿದ ಹಾಗಿರುತ್ತದಂತೆ. ಅದಕ್ಕೇ ರಂಜನನನ್ನು ಕಾಡಿ ಬೇಡಿ ಕರೆತಂದದ್ದಂತೆ. ಆ ಫೋನು ಕೂಡ ರಂಜನ್ ಮಾಡಿದ್ದು ಆದರ್ಶನ ಪರವಾಗಿಯೇ.

ವಿಜೇತಾ ರಂಜನನ ಕಡೆ ನೋಡಿದಳು. ಅವನು ಆಗಲೇ ಎದ್ದು ನಿಂತಿದ್ದ. ಕೇಸಿನ ಕೆಲಸ ಉಂಟು ಎಂದು ಗೊಣಗಿ ಮೆಟ್ಟಿಲಿಳಿದು ಹೋದ. ಹಿಂದೆ ತಿರುಗಿಯೂ ನೋಡಲಿಲ್ಲ.

ಬೋಟಿನಲ್ಲಿ ಒಬ್ಬಳೇ ಕೂತು ಅವಳು ಅತ್ತಳು. ದುಃಖಕ್ಕಿಂತ ಸಿಟ್ಟೇ ಹೆಚ್ಚು. ನನ್ನ ಬೋಟಿನ ನಿದ್ದೆಯನ್ನೂ ಬಿಡದೆ ಕಕ್ಷಿದಾರನಿಗೆ ವರದಿ ಒಪ್ಪಿಸಿದ್ದಾನಲ್ಲ... ನನ್ನ ‘ಒಂಥರಾ’ವನ್ನೂ ಅವನಿಗೆ ಮಾರಿಬಿಟ್ಟನಾ?

ಮರುದಿನ ಬ್ಯಾಂಕಿಗೆ ಸ್ವತಃ ಮುದಲಾಳಿಯೇ ಹಲ್ವಾದ ಡಬ್ಬಿ ಹಿಡಿದುಕೊಂಡು ಬಂದರು. ಮೋಳೇ, ಮಗಳೇ ಎಂದು ತಲೆ ನೇವರಿಸಿದರು. ಟು ಬಿ ಫ್ರ್ಯಾಂಕ್, ತನಗಿದು ಮೊದಲೇ ಗೊತ್ತಿತ್ತು ಎಂದರು ಮ್ಯಾನೇಜರು. ರಂಜನ್ ಫೋನ್ ಎತ್ತಲಿಲ್ಲ. ಅವನ ಕಚೇರಿಗೆ ಮಾಡಿದರೆ, ತಾನೇ ಕೇಳಿಕೊಂಡು ತಿರುವನಂತಪುರದ ಕೇಸಿಗೆ ಹೋಗಿದ್ದಾನೆ, ಬರುವುದು ಯಾವಾಗಲೋ ಎಂಬ ಉತ್ತರ.

ಹಲ್ವಾ ಎದುರಿಗಿಟ್ಟುಕೊಂಡು ವಿಜೇತಾ ಒಂದು ನಿರ್ಧಾರಕ್ಕೆ ಬಂದಳು. ಅವನು ಸಿಗಲಿ ಬಿಡಲಿ, ಈ ಮದುವೆ ಮಾತ್ರ ಸುಳ್ಳು. ಇದನ್ನು ಆದರ್ಶನಿಗೆ ತಾನೇ ಹೇಳಬೇಕು, ಮತ್ತೊಬ್ಬರ ಬಾಯಲ್ಲಿ ಅಲ್ಲ. ಇನ್ನೆರಡು ದಿನ ತಡವಾದರೆ ಮುದಲಾಳಿ ಮೈಸೂರಿಗೆ ಟಿಕೆಟ್ ಮಾಡಿಸುತ್ತಾರೆ.

ಅವಳು ಮೆಣಸಿನ ಗೋದಾಮಿಗೆ ನಡೆದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು.

“ಎನಿಕ್ಕ್ ರಂಜನೆಯಾಣ್ ಇಷ್ಟಂ.” ನನಗೆ ಇಷ್ಟ ಆಗಿರುವುದು ರಂಜನ್.

ಆದರ್ಶನ ಮುಖ ಸಣ್ಣದಾಯಿ‍ತು. ವಿಜೇತಾ ಕ್ಷಮೆ ಕೇಳಿದಳು, ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನು ತಲೆ ಕೆರೆದುಕೊಂಡ. ನಾನು ಹೇಳಿದ್ದು ಎರಡೇ ವಾಕ್ಯ ಎಂದ. ನೀವು ನನಗೆ ಇಷ್ಟ, ಮದುವೆಗೆ ಒಪ್ಪಿಗೆಯೇ ಅಂತ. ರಂಜನ್ ಅಷ್ಟುದ್ದ ಹೇಳುತ್ತಲೇ ಹೋದಾಗ, ಕನ್ನಡ ಬಹಳ ಉದ್ದದ ಭಾಷೆ ಅಂದುಕೊಂಡೆ.

“ಹಾಗಾದ್ರೆ ಬೋಟು?”

ಯಾವ ಬೋಟು ಎಂದು ಅವನೇ ಕೇಳಿದ. ಅವನು ಹತ್ತುವುದು ಕಾರು ಮಾತ್ರ.

ವಿಜೇತಾ ಅಲ್ಲೇ ಇದ್ದ ಒಣಶುಂಠಿಯ ಮೂಟೆಯ ಮೇಲೆ ಕೂತುಬಿಟ್ಟಳು. ಅಯ್ಯೋ ದೇವರೇ... ಅಷ್ಟೂ ಮಾತು ಅವನದ್ದೇ!

ಆದರ್ಶ್ ಕಹಿಯಾಗಿ ನಕ್ಕ. ಆದರೂ ನಕ್ಕ, ದೊಡ್ಡ ಮನಸ್ಸು ಅವನದು. ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ, ನೀವು ರೈಲು ಹತ್ತಿ ಎಂದ.

ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಬೆಳಗಿನ ರೈಲಿಗೆ ವಿಜೇತಾ ತಿರುವನಂತಪುರ ಸೇರಿದಳು. ರಂಜನನ ಕಚೇರಿಯಿಂದ ವಿಳಾಸ ಪಡೆದಿದ್ದಳು. ಕೋರ್ಟಿನ ಬಳಿಯ ವಂಚಿಯೂರಿನ ಲಾಡ್ಜಿನವನು ಎದುರಿನ ಸಸ್ಯಾಹಾರಿ ಹೋಟೆಲ್ ತೋರಿಸಿದ.

ಒಳಗೆ ಮೂಲೆಯ ಮೇಜಿನಲ್ಲಿ ರಂಜನ್, ಸೋಮವಾರದ ಕೇಸಿಗೆಂದು ಕಾಸರಗೋಡಿನಿಂದ ಬಂದ ಅಜ್ಜಿಯೊಬ್ಬರ ಜೊತೆ ಕೂತಿದ್ದ. ಮೂವತ್ತೆರಡು ಹಲ್ಲೂ ನೆಟ್ಟಗಿದ್ದ ಆ ಮನುಷ್ಯ, ನನಗೆ ಹಲ್ಲಿಲ್ಲ, ಇಡ್ಲಿ ಮೆತ್ತಗಿರಲಿ ಎಂದು ಮಾಣಿಗೆ ಮಲಯಾಳದಲ್ಲಿ ಹೇಳುತ್ತಿದ್ದ. ಮಾಣಿ ಅವನ ಬಾಯನ್ನೇ ನೋಡುತ್ತಿದ್ದ.

ವಿಜೇತಾ ಹೋಗಿ ಎದುರಿಗೆ ಕೂತಳು.

“ಒಂದು ಶಬ್ದ ಸೇರಿಸಬಾರದು ಅನ್ನೋದು ನಿಮ್ಮ ನಿಯಮ, ಅಲ್ವಾ?”

ಅವನ ಕೈಯ ಲೋಟ ಅರ್ಧ ದಾರಿಯಲ್ಲಿ ನಿಂತಿತು.

“ಆದರ್ಶ್ ಹೇಳಿದ್ದು ಎರಡು ವಾಕ್ಯ. ಉಳಿದದ್ದು ಯಾರದ್ದು?”

ರಂಜನ್ ತಲೆ ತಗ್ಗಿಸಿದ. ತಪ್ಪಾಯಿತು ಎಂದ. ಅವನ ಸೀನಿಯರಿಗೆ ಮುದಲಾಳಿ ಹಳೆಯ ಕಕ್ಷಿದಾರ. ಮಗ ಬಂದು ಕೈ ಹಿಡಿದು ಕೇಳಿಕೊಂಡಾಗ ಬೇಡ ಅನ್ನಲು ಇವನಿಗೆ ಕಾರಣ ಹೇಳಲಾಗಲಿಲ್ಲ. ಕಾರಣ ಹೇಳಬೇಕಾದರೆ ತನ್ನ ಮನಸ್ಸು ಹೇಳಬೇಕಿತ್ತಲ್ಲ.

“ಅವರ ಮೊದಲಿನ ವಾಕ್ಯ ಹೇಳಿದೆ. ಆಮೇಲೆ ನನಗೆ ನಿಲ್ಲಲಿಕ್ಕೆ ಆಗ್ಲಿಲ್ಲ. ಇನ್ನೊಬ್ಬರ ಹೆಸರಲ್ಲಾದ್ರೂ ಒಮ್ಮೆ ಹೇಳಿಬಿಡುವ, ಇನ್ನು ಹೇಳಲಿಕ್ಕೆ ಸಿಗುವುದಿಲ್ಲ ಅಂತ ಕಂಡಿತು. ನೀವು ಅವರಿಗೆ ಹೂಂ ಅಂದ್ರಿ. ನನ್ನ ಮಾತಿಗೆ ಮೋಸಹೋಗಿ ಅಂದ್ರೋ ಏನೋ ಅಂತ ಅವತ್ತಿಂದ ನನಗೆ ಅನ್ನ ಇಳಿಯುವುದಿಲ್ಲ.”

“ಅವರ ಮುಖ ನಾನು ನೋಡ್ಲೇ ಇಲ್ಲ ಕಣ್ರೀ.” ವಿಜೇತಾ ಮುಂದಕ್ಕೆ ಬಾಗಿದಳು. “ನಿಮ್ಮ ಮುಖ ನೋಡಿ ಹೂಂ ಅಂದೆ. ನೀವು ಅದನ್ನ ತೊಗೊಂಡು ಹೋಗಿ ಪಕ್ಕದವರಿಗೆ ಕೊಟ್ಟುಬಿಟ್ರಿ.”

ರಂಜನ್ ತಲೆ ಎತ್ತಿದ. ಅವಳು ಗೋದಾಮಿಗೆ ಹೋದದ್ದು, ಆದರ್ಶನಿಗೆ ಹೇಳಿದ್ದು, ಎಲ್ಲವನ್ನೂ ಕಣ್ಣೊರೆಸಿಕೊಳ್ಳುತ್ತಾ ಹೇಳಿ ಮುಗಿಸಿದಳು. ಆಮೇಲೆ ಕೈಕಟ್ಟಿ ಕೂತಳು.

“ಈಗ ಹೇಳಿ. ಇಲ್ಲಿ ಕಕ್ಷಿದಾರರು ಯಾರೂ ಇಲ್ಲ.”

“ನಾನೊಬ್ಬಳು ಇದ್ದೇನೆ ಮಗಾ,” ಎಂದರು ಅಜ್ಜಿ.

ಕೇರಳದಲ್ಲಿ ಕನ್ನಡ ಮಾತಾಡಿದರೆ ಪಕ್ಕದವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಇಬ್ಬರೂ ಆ ಅಜ್ಜಿಯನ್ನು ಮರೆತೇಬಿಟ್ಟಿದ್ದರು. ಅಜ್ಜಿ ಇಡ್ಲಿಯ ತಟ್ಟೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತರು.

“ನೀನು ಹೇಳು. ನನಗೆ ಕಿವಿ ಸ್ವಲ್ಪ ಮಂದ.”

ರಂಜನ್ ಬಾಯಿ ತೆರೆದ. ಮುಚ್ಚಿದ. ಊರವರ ಮಾತನ್ನೆಲ್ಲ ನೀರು ಕುಡಿದ ಹಾಗೆ ಆಡುತ್ತಿದ್ದವನಿಗೆ ತನ್ನದೊಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ವಿಜೇತಾ ಅವನಿಗೆ ನೆರವಾಗಲಿಲ್ಲ. ಕಾದಳು.

“ನನಗೆ... ನನಗೆ ನೀವು ಬೇಕು, ವಿಜೇತಾ. ಜೀವ ಇರುವವರೆಗೆ.”

ಗೋಡೆಯ ಕಡೆಯಿಂದ ಅಜ್ಜಿ ಸಮಾಧಾನದ ಉಸಿರು ಬಿಟ್ಟದ್ದು ಕೇಳಿಸಿತು.

ವಿಜೇತಾ ಅಳುತ್ತಲೇ ನಕ್ಕಳು. ಅವನ ಮುಂದಿದ್ದ ಆರಿದ ಕಾಫಿಯನ್ನು ಪಕ್ಕಕ್ಕೆ ಸರಿಸಿ, ಮಾಣಿಯನ್ನು ಕರೆದು, ತನಗೆ ಬಂದ ಮಲಯಾಳದಲ್ಲಿ ಎರಡು ಊಟ ಹೇಳಿದಳು.

“ಎಷ್ಟು ಸೊರಗಿದ್ದೀರಿ ನೋಡಿ. ಮೊದ್ಲು ಊಟ ಮಾಡಿ. ಆಮೇಲೆ ಅಮ್ಮನಿಗೆ ಫೋನ್ ಮಾಡೋಣ, ನೀವೇ ಮಾತಾಡ್ಬೇಕು.”

ಅವನು ಗಾಬರಿಯಾದ. “ಅವರಿಗೆ ಎಂತ ಹೇಳುವುದು?”

“ಈಗ ಹೇಳಿದ್ರಲ್ಲ, ಅದನ್ನೇ.” ಅವಳು ಮೇಜಿನ ಮೇಲಿದ್ದ ಅವನ ಕೈ ಹಿಡಿದುಕೊಂಡಳು. “ನಾನು ಪಕ್ಕದಲ್ಲೇ ಇರ್ತೀನಿ.”